ಘಟವಾಣಿಗೊಂದು ಸ್ಟಾರ್

ಹೋದ ವಾರ ಶೆಟ್ಟಿಹಳ್ಳಿಯ ನಮ್ಮ ಮನೆ ಕಾಂಪೌಂಡಿಗೆ ಯಾರೋ ನಾಟಕದ ಪೋಸ್ಟರ್ ಅಂಟಿಸಿ ಹೋಗಿದ್ದರು. ಬೆಳಿಗ್ಗೆ ಹಾಲು ತರೋಣವೆಂದು ಗೇಟು ತೆಗೆದರೆ ಮೂಗಿಗೆ ಬಂದದ್ದು ಕಾಯಿಸಿದ ಮೈದಾ ಅಂಟಿನ ವಾಸನೆ. ಅರ್ಧ ಗಂಜಿ, ಅರ್ಧ ಹುಳಿ, ಅದರ ಹಿಂದೆಯೇ ಮೈಲುತುತ್ತದ ಒಂದು ಘಾಟು. ಎಲ್ಲದಕ್ಕೂ ಫ್ಲೆಕ್ಸ್ ಬಂದಿರುವ ಈ ಕಾಲದಲ್ಲಿ ಬಕೆಟ್ಟಿನಲ್ಲಿ ಅಂಟು ಹಿಡಿದು ತಿರುಗುವವರು ಇನ್ನೂ ಇದ್ದಾರಲ್ಲ ಎಂದು ಸಂತೋಷಪಡಬೇಕಿತ್ತು. ನಾನು ಚಿಂತೆಪಟ್ಟೆ. ಮೈಲುತುತ್ತ ಅಂದರೆ ವಿಷ. ಬೀದಿ ಹಸು ಬಂದು ಪೋಸ್ಟರ್ ನೆಕ್ಕಿದರೆ? ನೆಕ್ಕಿ ಏನಾದರೂ ಆದರೆ? ಹಸುವಿನವರು ಬಂದು ನಮ್ಮ ಮನೆ ಮುಂದೆ ನಿಂತರೆ? ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಹಸು ಇನ್ನೂ ಬಂದಿಲ್ಲ, ನೀನು ಒಳಗೆ ಬಾ," ಅಂದರು.

ಒಳಗೆ ಬಂದೆ. ವಾಸನೆಯೂ ಬಂತು. ಅದರ ಬೆನ್ನಿಗೇ ನೆನಪಿನಲ್ಲಿ, ಗುಬ್ಬಿಯ ನನ್ನ ತವರಿನ ಎದುರುಮನೆ ದೊಡ್ಡಮ್ಮನೂ ಬಂದರು, ಮೊಣಕೈವರೆಗೂ ಅಂಟು ಮೆತ್ತಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು...

ದೊಡ್ಡಮ್ಮ ಅಂದರೆ ನೆಂಟಸ್ತಿಕೆಯೇನಲ್ಲ. ಸಿ.ಎಸ್. ಪುರದ ಕಡೆಯ ರಾಗಿ ಹೊಲದವರ ಮನೆಯ ಮಗಳು. ಗಂಡ ಕೊಬ್ಬರಿ ಮಂಡಿಯಲ್ಲಿ ತೂಕ ನೋಡುವ ಕೆಲಸದಲ್ಲಿದ್ದರು. ಇಡೀ ದಿನ ಮಂಡಿಯ ಗದ್ದಲದಲ್ಲಿದ್ದು ಬರುತ್ತಿದ್ದ ದೊಡ್ಡಪ್ಪ ಮನೆಯಲ್ಲಿ ಬಾಯಿ ಬಿಡುತ್ತಿದ್ದದ್ದು ಊಟಕ್ಕೆ ಮಾತ್ರ. ಅವರ ಪಾಲಿನ ಮಾತನ್ನೂ ದೊಡ್ಡಮ್ಮನೇ ಆಡಿ ಮುಗಿಸುತ್ತಿದ್ದರು. ನಾನು ಆಗ ಪಿಯುಸಿ ಓದುತ್ತಿದ್ದೆ, ಎಂಬತ್ತರ ದಶಕದ ಶುರುವಿನ ಮಾತು. ಅವರ ಮಗ ನನಗಿಂತ ಚಿಕ್ಕವನು, ಅಮ್ಮನ ಜೊತೆ ಸಿನಿಮಾಕ್ಕೆ ಹೋಗುವುದು ಅವನಿಗೆ ಅವಮಾನ. ಹಾಗಾಗಿ ಜೊತೆಗೆ ಹೋಗುವ ಕೆಲಸ ನನ್ನದಾಗಿತ್ತು.

ಗುಬ್ಬಿ ಟಾಕೀಸಿಗೆ ಹೊಸ ಪಿಕ್ಚರ್ ಬಂತೆಂದರೆ ದೊಡ್ಡಮ್ಮ ಮಧ್ಯಾಹ್ನದ ಮುದ್ದೆ ಬೇಗನೆ ತೊಳಸಿ ಇಳಿಸಿ, ಬಾಗಿಲಿಗೆ ಬೀಗ ಜಡಿದು, ನಮ್ಮ ಜಗುಲಿ ಮುಂದೆ ನಿಂತು, "ಬಾರೇ, ಹೊತ್ತಾಯ್ತು," ಅನ್ನುತ್ತಿದ್ದರು. ಸೆರಗಿನ ಗಂಟಿನಲ್ಲಿ ಹುರಿಗಡಲೆ, ಬೆಲ್ಲ. ಹೀರೋ ಯಾರು ಅಂತ ಅವರು ಕೇಳಿದವರೇ ಅಲ್ಲ. ಊರಿನ ಅರ್ಧ ಜನ ಒಬ್ಬ ಹೀರೋ ಕಡೆ, ಇನ್ನರ್ಧ ಇನ್ನೊಬ್ಬನ ಕಡೆ ಸೇರಿ, ಹೋಟೆಲಿನಲ್ಲಿ ಕಾಫಿ ಲೋಟ ಕುಟ್ಟಿ ಜಗಳ ಆಡುತ್ತಿದ್ದ ಕಾಲದಲ್ಲಿ ದೊಡ್ಡಮ್ಮ ಅಭಿಮಾನಿಯಾಗಿದ್ದದ್ದು ಘಟವಾಣಿಗೆ. ಸೊಸೆಯ ಜಡೆ ಹಿಡಿದು ಎಳೆಯುವ, ಮಗನ ಕಿವಿ ಊದುವ, ಸೊಂಟದಲ್ಲಿ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡು ಪಡಸಾಲೆ ತುಂಬ ನಡೆಯುವ ಆ ಹೆಂಗಸಿಗೆ. ಆ ನಟಿಯ ಹೆಸರು ಇಲ್ಲಿ ಬೇಡ. ಪಿಕ್ಚರಿನ ಟೈಟಲ್ಲಿನಲ್ಲೂ ಆಕೆಯ ಹೆಸರು "ಮತ್ತು ಇತರರು" ಅಂತ ಬರುವುದಕ್ಕೆ ಸ್ವಲ್ಪ ಮುಂಚೆ ಬಂದು, ಓದುವಷ್ಟರಲ್ಲಿ ಹೋಗಿಬಿಡುತ್ತಿತ್ತು.

ಯಾಕೆ ದೊಡ್ಡಮ್ಮ, ಅವಳೇ ಯಾಕೆ ಎಂದು ಒಮ್ಮೆ ಕೇಳಿದ್ದೆ.

"ಪಿಕ್ಚರ್‌ನಾಗೆ ಕೆಲ್ಸ ಮಾಡೋ ಹೆಂಗ್ಸು ಅವಳೊಬ್ಳೇ ಕಣೇ. ಮಿಕ್ಕೋವೆಲ್ಲ ಕಂಬ ತಬ್ಕೊಂಡು ಅಳ್ತವೆ."

ಆಕೆ ತೆರೆಗೆ ಬರುವ ಮುಂಚೆಯೇ ದೊಡ್ಡಮ್ಮನಿಗೆ ಗೊತ್ತಾಗುತ್ತಿತ್ತು. ತೊಟ್ಟಿಲು ತೂಗುತ್ತ ಸೊಸೆ ಹಾಡು ಶುರು ಮಾಡಿದಳೆಂದರೆ, ಇನ್ನೇನು ಬಂದಳು ಎಂದು ಬೆಂಚಿನ ತುದಿಗೆ ಸರಿದು ಕೂರುತ್ತಿದ್ದರು. ಬೀಗದ ಕೈ ಸದ್ದಾದರೆ ನನ್ನ ತೊಡೆಗೆ ಒಂದು ಏಟು. ಸುತ್ತ ಕೂತ ಹೆಂಗಸರೆಲ್ಲ "ಬಂದ್ಲು ಹಾಳಾದೋಳು" ಅಂತ ನೆಟಿಗೆ ಮುರಿಯುವಾಗ ದೊಡ್ಡಮ್ಮನ ಮುಖ, ತವರಿನಿಂದ ಯಾರೋ ಬಂದ ಹಾಗೆ ಅರಳುತ್ತಿತ್ತು. ಮನೆಗೆ ಬಂದ ಮೇಲೆ ಸೊಪ್ಪು ಬಿಡಿಸುತ್ತ ಮತ್ತೊಂದು ಆಟ. ಆ ನಟಿ ಹೇಗೆ ಬಾಗಿಲಲ್ಲಿ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾಳೆ, ಹೇಗೆ ಕಾಫಿ ಲೋಟ ಕೈಗೆ ತೆಗೆದುಕೊಳ್ಳದೆಯೇ "ತಣ್ಣಗಾಗಿದೆ" ಅನ್ನುತ್ತಾಳೆ, ಎಲ್ಲವನ್ನೂ ಮಾಡಿ ತೋರಿಸಬೇಕು. ನಾನು ಅಳುವ ಸೊಸೆ ಪಾರ್ಟು ಮಾಡಬೇಕು. ನನಗೆ ಅದು ಚೆನ್ನಾಗಿ ಬರುತ್ತಿತ್ತು, ಯಾಕೆಂದರೆ ಆ ಹೊತ್ತಿಗೆ ಅಮ್ಮ ನನ್ನನ್ನು ಹುಡುಕಿಕೊಂಡು ಬರುತ್ತಾಳೆಂಬ ಭಯದಲ್ಲಿ ಹೇಗೂ ಅಳುಮುಖದಲ್ಲೇ ಇರುತ್ತಿದ್ದೆ.

ಅಭಿಮಾನಿಗಳೆಂದರೆ ಕೆಲಸವಿಲ್ಲದವರು ಅಂತ ಈಗಲೂ ದೊಡ್ಡ ದೊಡ್ಡವರು ಮೈಕಿನ ಮುಂದೆ ಹೇಳುತ್ತಾರೆ. ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತದೆ. ದೊಡ್ಡಮ್ಮನಿಗೆ ಕೆಲಸವಿರಲಿಲ್ಲವೇ? ಹಿಟ್ಟು, ಸೌದೆ, ದನ, ನೀರು, ಮಂಡಿಯಿಂದ ಬರುವ ಗಂಡ, ಸ್ಕೂಲಿನಿಂದ ಬರುವ ಮಗ. ಇಷ್ಟರ ನಡುವೆ ಆ ಹೆಂಗಸು ತನಗೆಂದು ಇಟ್ಟುಕೊಂಡಿದ್ದದ್ದು ಅದೊಂದೇ. ಅದನ್ನೂ ಹಂಗಿಸುತ್ತಾರೆ. ನಮ್ಮಮ್ಮನೂ ಹಂಗಿಸುವ ಪಾರ್ಟಿಯೇ. ದೊಡ್ಡಮ್ಮ ವಾರಪತ್ರಿಕೆಯಿಂದ ಆ ನಟಿಯ ಫೋಟೋ ಕತ್ತರಿಸಿ ಅಡುಗೆಮನೆ ಗೂಡಿನ ಬಾಗಿಲ ಒಳಗಡೆ ಅಂಟಿಸಿದ್ದನ್ನು ನೋಡಿ ಅಮ್ಮ, "ಅಂಥೋಳ್ ಮುಖ ನೋಡ್ಕೊಂಡು ಅಕ್ಕಿ ತೆಗೀಬೇಕಾ? ಮನೆಗೆ ಏಳಿಗೆ ಆಗುತ್ತಾ?" ಅಂದಿದ್ದಳು. ಅಮ್ಮನೊಬ್ಬಳೇ ಅಲ್ಲ. ಊರಲ್ಲಿ ಆ ನಟಿಯ ಮುಖವಿದ್ದ ಪೋಸ್ಟರ್ ಗೋಡೆಯ ಮೇಲೆ ಚೊಕ್ಕಟವಾಗಿ ಉಳಿದದ್ದನ್ನು ನಾನು ಕಾಣೆ. ಹೀರೋಯಿನ್ನಿಗೆ ಹಣೆಗೆ ಕುಂಕುಮ, ಪಕ್ಕದಲ್ಲಿ ಆಕೆಯ ಮುಖಕ್ಕೆ ಸಗಣಿ.

ಹಾಗಿರುವಾಗ ಒಂದು ದಿನ ದೊಡ್ಡಪ್ಪ ಮಂಡಿಯಿಂದ ಒಂದು ಸುದ್ದಿ ತಂದರು. ಅವರು ಊಟ ಬಿಟ್ಟು ಬೇರೆ ವಿಷಯಕ್ಕೆ ಬಾಯಿ ಬಿಟ್ಟದ್ದೇ ದೊಡ್ಡ ಸಂಗತಿ. ಕುಣಿಗಲ್ ಕೆರೆ ಏರಿಯ ಮೇಲೆ ಶೂಟಿಂಗ್ ನಡೆದಿತ್ತಂತೆ. ಬಿಸಿಲು. ಆ ನಟಿ ಹತ್ತಿರದ ಮನೆಯೊಂದರ ಮುಂದೆ ಹೋಗಿ ಕುಡಿಯಲು ನೀರು ಕೇಳಿದರಂತೆ. ಒಳಗಿನಿಂದ ಬಂದ ಹೆಂಗಸು ಆಕೆಯನ್ನು ಕೆಳಗಿನಿಂದ ಮೇಲೆ ನೋಡಿ, "ಸೊಸೆಗೆ ಹಾಲ್ನಾಗೆ ವಿಷ ಹಾಕ್ದೋಳು ತಾನೇ ನೀನು? ನಮ್ಮನೇಲಿ ನಿಂಗೆ ನೀರಿಲ್ಲ, ಹೋಗು," ಅಂತ ಬಾಗಿಲು ಹಾಕಿಕೊಂಡಳಂತೆ. ಮಂಡಿಯಲ್ಲಿ ಎಲ್ಲರೂ ಇದನ್ನು ಹೇಳಿಕೊಂಡು ನಕ್ಕರಂತೆ.

ದೊಡ್ಡಮ್ಮ ನಗಲಿಲ್ಲ. ಕೈಯಲ್ಲಿದ್ದ ಸೌಟನ್ನು ಪಾತ್ರೆಯೊಳಗೆ ಬಿಟ್ಟು ಹಾಗೇ ಕೂತರು. ನಾನು ಸಾರು ಕೇಳಲು ಹೋಗಿದ್ದವಳು ಲೋಟ ಹಿಡಿದುಕೊಂಡು ನಿಂತೆ.

"ನೀರು ಕಣೇ. ನೀರು ಕೊಡ್ನಿಲ್ಲ," ಅಂದರು. "ಅದೂ ನಮ್ ಸೀಮೇಲಿ. ಅಷ್ಟು ದೊಡ್ಡ ಕೆರೆ ಪಕ್ದಾಗೆ."

ಬಾವಿಕಟ್ಟೆಯಲ್ಲಿ ಯಾರೋ ಅದೇ ಕಥೆ ಹೇಳಿ ನಕ್ಕಾಗ, "ನಿನ್ ಗಂಡ ಮಾರಮ್ಮನ ವೇಷ ಹಾಕ್ದಾಗ ನಿಮ್ಮನೆ ಕೋಳಿ ಕುಯ್ದು ಅವನ ಮುಂದೆ ಇಟ್ಯಾ?" ಅಂತ ಕೇಳಿ ಬಿಂದಿಗೆ ಎತ್ತಿಕೊಂಡು ಬಂದರು. ಆಮೇಲೆ ಒಂದು ಸಂಜೆ ನಮ್ಮ ಮನೆಗೆ ಬಂದು ಹೇಳಿದರು: ಆ ನಟಿಯ ಹೊಸ ಪಿಕ್ಚರ್ ಶುಕ್ರವಾರ ತುಮಕೂರಿನಲ್ಲಿ ರಿಲೀಸು. ಟಾಕೀಸಿಗೆ ಸ್ಟಾರ್ ಕಟ್ಟಬೇಕು.

ಸ್ಟಾರ್ ಕಟ್ಟುವುದೆಂದರೆ ಈಗಿನವರಿಗೆ ಹೇಳಬೇಕಾಗುತ್ತದೆ. ಬಿದಿರು ಸೀಳಿ ಆಳೆತ್ತರದ ನಕ್ಷತ್ರ ಕಟ್ಟಿ, ಬಣ್ಣದ ಕಾಗದ ಅಂಟಿಸಿ, ನಡುವೆ ಹೀರೋ ಫೋಟೋ, ಕೆಳಗೆ ಕಟ್ಟಿಸಿದ ಸಂಘದ ಹೆಸರು. ರಿಲೀಸಿನ ದಿನ ಅದನ್ನು ಮೆರವಣಿಗೆಯಲ್ಲಿ ತಂದು ಟಾಕೀಸಿನ ಮುಂಭಾಗಕ್ಕೆ ತೂಗುಹಾಕುವುದು. ಯಾವ ಊರ ಸ್ಟಾರ್ ದೊಡ್ಡದು, ಯಾರದು ಮೇಲೆ, ಯಾರದು ಕೆಳಗೆ ಅನ್ನುವುದಕ್ಕೆ ತಲೆ ಒಡೆದುಕೊಂಡವರಿದ್ದಾರೆ. ಹೀರೋಗೆ ಕಟ್ಟುತ್ತಿದ್ದರು. ಹೀರೋಯಿನ್ನಿಗೆ ಕಟ್ಟಿದ್ದನ್ನೂ ನಾನು ನೋಡಿಲ್ಲ. ಘಟವಾಣಿಗೆ ಕಟ್ಟುವುದೆಂದರೆ...

"ಊರು ಮಾಡಿದ್ ತಪ್ಪಿಗೆ ಊರೇ ಮಾನ ಕೊಡ್ಬೇಕು," ಅಂದರು ದೊಡ್ಡಮ್ಮ. ಅವರಿಗೆ ಬೇಕಿದ್ದದ್ದು ಅಷ್ಟೇ. ನಾಲ್ಕು ಜನ ಓಡಾಡುವ ರಸ್ತೆಯಲ್ಲಿ, ಎಲ್ಲರೂ ನೋಡುವ ಹಾಗೆ, ಆ ಮುಖ ಒಂದು ದಿನ ಮರ್ಯಾದೆಯಿಂದ ಇರಬೇಕು.

ಮೇದರ ಮನೆಯಿಂದ ಬಿದಿರು ಸೀಳು ಬಂತು. ಗಾಳಿಪಟದ ಕಾಗದ ಬಂತು. ಹಂಡೆ ಒಲೆಯ ಮೇಲೆ ಮೈದಾ ಕುದಿಯಿತು. ಇಲಿ, ಜಿರಲೆ ಮುಟ್ಟದಿರಲೆಂದು ಮೈಲುತುತ್ತ ಬಿತ್ತು. ಫೋಟೋವನ್ನು ಗೂಡಿನ ಬಾಗಿಲಿನಿಂದ ನೀರು ಚಿಮುಕಿಸಿ ಬಿಡಿಸಿಕೊಂಡರು, ಅದಕ್ಕಿಂತ ದೊಡ್ಡದು ಸಿಕ್ಕಿರಲಿಲ್ಲ. ಆಳೆತ್ತರದ ಸ್ಟಾರಿನ ನಡುವೆ ಅಂಗೈಯಗಲದ ಮುಖ. ಕೆಳಗೆ ಸಂಘದ ಹೆಸರು ಬೇಕಲ್ಲ, "ಗುಬ್ಬಿ ಮಹಿಳಾ ಅಭಿಮಾನಿಗಳ ಸಂಘ" ಅಂತ ನನ್ನ ಕೈಯಲ್ಲಿ ಬರೆಸಿದರು. ಅವರು ಅಧ್ಯಕ್ಷೆ, ನಾನು ಕಾರ್ಯದರ್ಶಿ, ಸದಸ್ಯರು ಯಾರೂ ಇಲ್ಲ. ರಿಜಿಸ್ಟರ್ ಮಾಡಿಸದ ಸಂಘ ಅಂತ ಪೊಲೀಸರು ಕೇಳಿದರೆ ಕಾರ್ಯದರ್ಶಿಯನ್ನು ತಾನೇ ಹಿಡಿಯುವುದು, ಪಿಯುಸಿ ಪರೀಕ್ಷೆಗೆ ಕೂರಿಸುತ್ತಾರೋ ಇಲ್ಲವೋ ಅಂತ ನಾನು ಎರಡು ರಾತ್ರಿ ನಿದ್ದೆಗೆಟ್ಟೆ. ನನ್ನ ಚಿಂತೆಗಳಿಗೆ ಆಗಲೇ ಒಳ್ಳೆಯ ಪ್ರಾಕ್ಟೀಸು.

ಶುಕ್ರವಾರ ಬೆಳಿಗ್ಗೆ ಗುಬ್ಬಿ ಬಸ್ ಸ್ಟ್ಯಾಂಡಿಗೆ ಹೋದರೆ ಹೀರೋ ಸಂಘದ ಹುಡುಗರೂ ತಮ್ಮ ಸ್ಟಾರ್ ಹಿಡಿದು ಅದೇ ಬಸ್ಸಿಗೆ ಬಂದಿದ್ದರು. ಅವರ ಅಧ್ಯಕ್ಷ ಸೈಕಲ್ ಶಾಪಿನವನು. ದೊಡ್ಡಮ್ಮನ ಸ್ಟಾರ್ ನೋಡಿ ಹತ್ತಿರ ಬಂದು, ನಡುವಿನ ಫೋಟೋಕ್ಕೆ ಬಗ್ಗಿ, ಮತ್ತೆ ನೆಟ್ಟಗಾದ.

"ದೊಡ್ಡಮ್ಮ, ಇದ್ಯಾರು?"

"ಕಣ್ ಕಾಣಲ್ವೇನ್ಲಾ?"

"ಕಾಣುತ್ತೆ. ಅದಕ್ಕೇ ಕೇಳ್ದೆ. ವಿಲನ್ನಿಗೆ ಯಾರಾದ್ರೂ ಸ್ಟಾರ್ ಕಟ್ತಾರಾ? ನಮ್ ಹೀರೋ ಸ್ಟಾರ್ ಪಕ್ಕ ಇದು ಬರಂಗಿಲ್ಲ. ಅಪಶಕುನ."

"ನಿಮ್ ಹೀರೋ ಯಾರ್ನ ಕಾಪಾಡ್ತಾನ್ಲಾ ಪಿಕ್ಚರ್‌ನಾಗೆ?"

"ಹೀರೋಯಿನ್ನ."

"ಹೀರೋಯಿನ್ನು ಯಾಕ್ ಅಳ್ತಾಳೆ?"

"ಈ ಮುದುಕಿ ಗೋಳಾಡ್ಸೋದ್ಕೆ."

"ಇವ್ಳು ಗೋಳಾಡ್ಸದಿದ್ರೆ ನಿಮ್ ಹೀರೋಗೇನ್ಲಾ ಕೆಲ್ಸ? ಮನೇಲಿ ಹೊದ್ಕೊಂಡು ಮಲಗಿರ್ತಿದ್ದ."

ಹಿಂದಿದ್ದ ಹುಡುಗರಲ್ಲೇ ಒಬ್ಬ ನಕ್ಕುಬಿಟ್ಟ. ಅಧ್ಯಕ್ಷ ಅವನ ಕಡೆ ತಿರುಗಿ ನೋಡಿದ್ದಕ್ಕೆ ಅವನು ಕೆಮ್ಮಿದ. ಬಸ್ ಟಾಪಿನ ಮೇಲೆ ನಿಂತಿದ್ದ ಕಂಡಕ್ಟರ್, "ಮೇಲಕ್ಕೆ ಬಂದ್ಮೇಲೆ ಎಲ್ಲಾ ಲಗೇಜೇ ಕಣ್ರಯ್ಯ, ಹೀರೋನೂ ಇಲ್ಲ ವಿಲನ್ನೂ ಇಲ್ಲ, ಕೊಡಿ ಇಲ್ಲಿ," ಅಂತ ಎರಡನ್ನೂ ಎಳೆದುಕೊಂಡು ಒಂದರ ಮೇಲೊಂದು ಕಟ್ಟಿದ. ತುಮಕೂರಿನವರೆಗೂ ನಾನು ಬಸ್ಸಿನ ಚಾವಣಿಯನ್ನೇ ನೋಡುತ್ತ ಕೂತೆ, ಗಾಳಿಗೆ ಕಾಗದ ಹರಿಯುವ ಸದ್ದು ಬರುತ್ತದೇನೋ ಅಂತ.

ಟಾಕೀಸಿನ ಮ್ಯಾನೇಜರ್ ಮೊದಲು ಆಗುವುದೇ ಇಲ್ಲ ಅಂದರು. ಆಮೇಲೆ, ಲೇಡೀಸ್ ಕೌಂಟರಿನ ಸಂದಿಯಲ್ಲಿ ಬೇಕಾದರೆ ಕಟ್ಟಿ ಅಂದರು. ಆ ಸಂದಿ ಎಂಥದ್ದೆಂದರೆ, ಎರಡು ಗೋಡೆಗಳ ನಡುವೆ ಹೆಂಗಸರು ಒಬ್ಬರ ಹಿಂದೆ ಒಬ್ಬರು ಸಿಕ್ಕಿಕೊಂಡು ನಿಲ್ಲುವ ಕತ್ತಲು ಓಣಿ. "ಕತ್ಲಲ್ಲಿ ಕಟ್ಟಕ್ಕೆ ಗುಬ್ಬಿಯಿಂದ ಹೊತ್ಕೊಂಡು ಬರ್ಬೇಕಿತ್ತಾ ಸ್ವಾಮಿ? ನಮ್ ಹಿತ್ಲಲ್ಲೇ ಕಟ್ತಿದ್ದೆ," ಅಂತ ದೊಡ್ಡಮ್ಮ ಅವರ ರೂಮಿನ ಬಾಗಿಲಲ್ಲೇ ಕೂತರು. ಒಳಗೆ ಬರುವವರಿಗೂ ದಾರಿಯಿಲ್ಲ, ಹೊರಗೆ ಹೋಗುವವರಿಗೂ ಇಲ್ಲ. ಮಾರ್ನಿಂಗ್ ಶೋ ಬೆಲ್ಲಿಗೆ ಸ್ವಲ್ಪ ಮುಂಚೆ ಮ್ಯಾನೇಜರ್ ಸೋತು, ಮುಂಭಾಗದಲ್ಲೇ, ಎಲ್ಲ ಸ್ಟಾರುಗಳಿಗಿಂತ ಕೆಳಗೆ, ಗೇಟಿನ ಪಕ್ಕದ ಕಂಬಕ್ಕೆ ಕಟ್ಟಿಸಿದರು. ಕೈಗೆ ಸಿಕ್ಕುವ ಎತ್ತರ. ನನಗೆ ಅದೇ ಚಿಂತೆಯಾಯಿತು. ಹೇಳಿದೆ. "ಸುಮ್ಕಿರೇ, ರಸ್ತೆಯಿಂದ ಕಾಣುತ್ತೆ," ಅಂದರು. ರಸ್ತೆಯ ಆಚೆ ಬದಿಗೆ ಹೋಗಿ ನಿಂತು ನೋಡಿದರು. ಅಷ್ಟು ದೂರದಿಂದ ಮುಖ ಅಂತ ಗೊತ್ತಾಗುತ್ತಿರಲಿಲ್ಲ. ಆದರೂ ಬಹಳ ಹೊತ್ತು ನೋಡಿದರು.

ಆ ದಿನದ ಪಿಕ್ಚರಿನ ಕಥೆ ನನಗೆ ಅರ್ಧ ಮರೆತಿದೆ. ಮರೆಯದೇ ಇರುವುದು ದೊಡ್ಡಮ್ಮ. ಆಕೆ ತೆರೆಯ ಮೇಲೆ ಬಂದಾಗ ಇಡೀ ಟಾಕೀಸು ಛೀಮಾರಿ ಹಾಕುತ್ತಿದ್ದರೆ, ಲೇಡೀಸ್ ಕ್ಲಾಸಿನಿಂದ ಒಂದೇ ಒಂದು ಚಪ್ಪಾಳೆ. ಬಳೆಗಳ ಸದ್ದಿನ ಸಮೇತ. ಮುಂದಿನ ಸಾಲಿನವರು ತಿರುಗಿ ನೋಡಿದರು. ನಾನು ಬೆಂಚಿನ ಕೆಳಗೆ ಏನೋ ಬಿದ್ದಿದೆ ಎಂಬಂತೆ ಹುಡುಕುತ್ತ ಬಗ್ಗಿದೆ. ಎರಡನೇ ಸಲ ಆಕೆ ಬಂದಾಗಲೂ ಚಪ್ಪಾಳೆ. ಮೂರನೆಯ ಸಲಕ್ಕೆ ನನ್ನ ಕೈಯೂ ಎದ್ದಿತ್ತು, ಅದು ಹೇಗೆ ಎದ್ದಿತೋ... ಜೀವನದಲ್ಲಿ ಅಷ್ಟು ನಿಶ್ಚಿಂತೆಯಿಂದ ನಾನು ಮತ್ತೆಂದೂ ಕೂತಿಲ್ಲ. ಯಾರನ್ನೋ ಮೆಚ್ಚುವುದು, ಜೋರಾಗಿ ಮೆಚ್ಚುವುದು, ಅದರಿಂದ ನಮಗೆ ಏನೂ ಬರಬೇಕಿಲ್ಲದಿರುವುದು. ಆ ಸುಖ ಕಂಡವರಿಗೇ ಗೊತ್ತು.

ಹೊರಗೆ ಬಂದಾಗ ಸ್ಟಾರಿನ ಎರಡು ಮೂಲೆ ಮುರಿದಿತ್ತು. ನಡುವಿನ ಮುಖದ ಮೇಲೆ ಹಸಿ ಸಗಣಿ.

ಸಂಘದ ಹುಡುಗರು ಗೇಟಿನ ಹತ್ತಿರವೇ ನಿಂತಿದ್ದರು. ಅಧ್ಯಕ್ಷನ ಮುಖದಲ್ಲಿ ನಗುವಿರಲಿಲ್ಲ, ಅದೇ ನನಗೆ ಇನ್ನೂ ಉರಿಯುವುದು. ಅವನು ನಿಜವಾಗಿಯೂ ನೊಂದಿದ್ದ. "ಏನ್ಮಾಡೋದು ದೊಡ್ಡಮ್ಮ, ಹುಡುಗ್ರಿಗೆ ತಡೆಯಕ್ಕಾಗ್ಲಿಲ್ಲ. ಪಾಪ, ತುಂಬು ಗರ್ಭಿಣೀನ ಮಳೇಲಿ ಆಚೆ ನೂಕ್ಬುಟ್ಳು," ಅಂದ. ಯಾರು ನೂಕಿದ್ದು? ಎಲ್ಲಿಯ ಗರ್ಭಿಣಿ? ಹೊಟ್ಟೆಗೆ ದಿಂಬು ಕಟ್ಟಿದವಳು ಸಾಧ್ವಿ, ಹೇಳಿಕೊಟ್ಟ ಮಾತು ಹೇಳಿದವಳು ಪಾಪಿ. ಹೀರೋ ಕೊಂದ ಇಪ್ಪತ್ತು ಜನ ರೌಡಿಗಳ ಲೆಕ್ಕದಲ್ಲಿ ಅವನನ್ನು ಯಾರಾದರೂ ಪೊಲೀಸ್ ಸ್ಟೇಷನ್ನಿಗೆ ಕರೆದುಕೊಂಡು ಹೋಗಿದ್ದಾರಾ? ಇದನ್ನೆಲ್ಲ ಆ ದಿನ ಹೇಳಬೇಕಿತ್ತು. ಮಾತು ಹೊಳೆದದ್ದು ಬಸ್ಸು ಕ್ಯಾತ್ಸಂದ್ರದ ಕಡೆಯದೋ ಗುಬ್ಬಿಯ ಕಡೆಯದೋ ಅಂತ ಬೋರ್ಡು ಓದುತ್ತ ನಿಂತಾಗ. ನನ್ನ ಸಿಟ್ಟು ಯಾವಾಗಲೂ ಮುಂದಿನ ಬಸ್ಸಿಗೆ ಬರುವಂಥದ್ದು.

ದೊಡ್ಡಮ್ಮ ಬಯ್ಯುತ್ತಾರೆಂದು ಎಲ್ಲರೂ ಕಾದರು. ಅವರು ಸ್ಟಾರನ್ನು ತಾವೇ ಬಿಚ್ಚಿಕೊಂಡು ನಲ್ಲಿಯ ಹತ್ತಿರ ಒಯ್ದು, ಮಗುವಿನ ಮುಖ ತೊಳೆಯುವ ಹಾಗೆ ಮೂರು ಬೆರಳಲ್ಲಿ ನೀರು ಮುಟ್ಟಿಸಿ ಸಗಣಿ ಒರೆಸತೊಡಗಿದರು. ಕಾಗದದ ಫೋಟೋ. ಸಗಣಿಯ ಜೊತೆ ಮೊದಲು ಮೂಗು ಹೋಯಿತು, ಆಮೇಲೆ ಕಣ್ಣು... ಕೊನೆಗೆ ಅವರ ಕೈಯಲ್ಲಿ ಬಿದಿರು ಮಾತ್ರ ಉಳಿಯಿತು. ವಾಪಸ್ಸು ಬರುವಾಗ ಅದನ್ನು ಟಾಪಿನ ಮೇಲೆ ಹಾಕಲು ಬಿಡಲಿಲ್ಲ, ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತರು. ಪಕ್ಕದವರು ಬಿದಿರು ಚುಚ್ಚುತ್ತದೆ ಅಂತ ಗೊಣಗಿದರೂ ಕೇಳಿಸಿಕೊಳ್ಳಲಿಲ್ಲ. ಹೆಗ್ಗೆರೆ ದಾಟಿದ ಮೇಲೆ ಒಂದೇ ಮಾತು ಅಂದರು:

"ಕಾಗ್ದ ಆಗಲ್ಲ ಕಣೇ."

ಆ ಪಿಕ್ಚರ್ ಗುಬ್ಬಿ ಟಾಕೀಸಿಗೆ ಬರಲು ತಿಂಗಳುಗಳು ಹಿಡಿದವು. ಅಷ್ಟರಲ್ಲಿ ದೊಡ್ಡಮ್ಮ ಹಳೆಯ ತಗಡಿನ ಡಬ್ಬ ಬಿಚ್ಚಿಸಿ ಬಡಿಸಿ, ಅಂಗಡಿ ಬೋರ್ಡು ಬರೆಯುವ ಪೇಂಟರ್ ಕೈಯಲ್ಲಿ ಆ ಮುಖವನ್ನು ಆಯಿಲ್ ಪೇಂಟಿನಲ್ಲಿ ಬರೆಸಿದ್ದರು. ಪೇಂಟರ್‌ಗೆ ಅಭ್ಯಾಸವಿದ್ದದ್ದು ಲಕ್ಷ್ಮಿಯ ಮುಖ ಮಾತ್ರ, ಹಾಗಾಗಿ ಘಟವಾಣಿಗೆ ಲಕ್ಷ್ಮಿಯ ಕಣ್ಣು ಬಂದಿತ್ತು. ದೊಡ್ಡಮ್ಮ ಪಕ್ಕದಲ್ಲೇ ನಿಂತು ಹುಬ್ಬು ಮಾತ್ರ ತಿದ್ದಿಸಿದ್ದರು. ತಗಡಿನ ಸ್ಟಾರ್ ಟಾಕೀಸಿನ ಮುಂದೆ ಏರಿತು. ಮೊದಲ ದಿನವೇ ಸಗಣಿ ಬಿತ್ತು. ಮಾರನೆಯ ಬೆಳಿಗ್ಗೆ ದೊಡ್ಡಮ್ಮ ಬಿಂದಿಗೆ ಹಿಡಿದು ಹೋಗಿ ತೊಳೆದು ಬಂದರು. ಮತ್ತೆ ಬಿತ್ತು. ಮತ್ತೆ ತೊಳೆದರು. ಹಾಲು ಹಾಕುವುದು, ರಂಗೋಲಿ ಬಿಡುವುದು, ಆ ಮುಖ ತೊಳೆಯುವುದು, ಎಲ್ಲಾ ಒಂದೇ ಸಾಲಿನ ಬೆಳಗಿನ ಕೆಲಸ. ಜನ ನಕ್ಕರು. ದೊಡ್ಡಪ್ಪನನ್ನು ಮಂಡಿಯಲ್ಲಿ ರೇಗಿಸಿದರು. ದೊಡ್ಡಪ್ಪ ಮಂಡಿಯಲ್ಲೂ ಬಾಯಿ ಬಿಡುವುದನ್ನು ನಿಲ್ಲಿಸಿದರು. ಎಸೆಯುವವರಿಗೇ ಬೇಜಾರಾಯಿತೇನೋ, ಒಂದು ವಾರ ಕಳೆಯುವ ಹೊತ್ತಿಗೆ ಮುಖ ಹಾಗೇ ಉಳಿಯತೊಡಗಿತು. ಪಿಕ್ಚರ್ ಎತ್ತುವ ಹಿಂದಿನ ದಿನ ನೋಡಿದರೆ ಯಾರೋ ಅದಕ್ಕೆ ಒಂದು ಮೊಳ ಕನಕಾಂಬರ ಸಿಕ್ಕಿಸಿದ್ದರು. ಯಾರು ಅಂತ ಕೊನೆಗೂ ಗೊತ್ತಾಗಲಿಲ್ಲ. ನನಗೆ ನಮ್ಮಮ್ಮನ ಮೇಲೆ ಅನುಮಾನವಿತ್ತು. ಕೇಳಲು ಧೈರ್ಯ ಬರಲಿಲ್ಲ, ಅಮ್ಮನೂ ಈಗ ಇಲ್ಲ.

ದೊಡ್ಡಪ್ಪ ಹೋದ ಮೇಲೆ ದೊಡ್ಡಮ್ಮ ಮಗನ ಜೊತೆ ಕುಣಿಗಲ್ಲಿಗೆ ಹೋದರು. ಅವನಿಗೆ ಅಲ್ಲಿಯ ಆಫೀಸೊಂದರಲ್ಲಿ ನೌಕರಿ. ನಾನು ಆಗೊಮ್ಮೆ ಈಗೊಮ್ಮೆ ಹೋಗಿ ಬರುತ್ತಿದ್ದೆ. ಟೀವಿಯಲ್ಲಿ ಹಳೆಯ ಪಿಕ್ಚರ್ ಬಂದರೆ ಇಬ್ಬರೂ ಕೂತು ಕೈ ತಟ್ಟುತ್ತಿದ್ದೆವು, ಸೊಸೆ ಅಡುಗೆಮನೆಯಿಂದ ಇಣುಕಿ ನಗುತ್ತಿದ್ದಳು. ಒಳ್ಳೆಯ ಹುಡುಗಿ, ಅವಳನ್ನು ಗೋಳಾಡಿಸುವ ಉಮೇದು ದೊಡ್ಡಮ್ಮನಿಗೆ ಯಾವತ್ತೂ ಬರಲಿಲ್ಲ. ಕಳೆದ ವರ್ಷ ಒಂದು ಬೆಳಿಗ್ಗೆ ಮಗ ಫೋನ್ ಮಾಡಿದ...

ತಿಥಿಗೆ ಹೋದಾಗ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ದೊಡ್ಡಮ್ಮ ತಲೆಯ ಮೇಲೆ ಸೆರಗು ಹೊದ್ದು, ಕಣ್ಣು ಮುಚ್ಚಿ, ಕೈಮುಗಿದು ನಿಂತಿದ್ದರು. ಎಲೆಅಡಿಕೆಯ ಹಲ್ಲನ್ನು ಬೆಳ್ಳಗೆ ಮಾಡಿದ್ದರು. ಹಿಂದೆ ಹಿಮದ ಬೆಟ್ಟ, ಕೆಳಗೆ ದೊಡ್ಡ ಅಕ್ಷರಗಳಲ್ಲಿ: ಸಹನಾಮೂರ್ತಿ, ತ್ಯಾಗಮಯಿ, ಮಿತಭಾಷಿ.

ಮಿತಭಾಷಿ.

ನಾನು ಊಟಕ್ಕೆ ಕೂರದೆ ಮಗನನ್ನು ಹುಡುಕಿದೆ. ಈ ಸಲ ಸಿಟ್ಟು ಅದೇ ಬಸ್ಸಿಗೆ ಬಂದಿತ್ತು. "ಅದನ್ನ ಬರ್ಸಿದ್ಯಾರೋ? ನಿಮ್ಮಮ್ಮ ಯಾವತ್ತು ಏನ್ ಸಹಿಸಿದ್ರು?" ಅಂದೆ.

ಪಾಯಸದ ಬಕೆಟ್ಟು ಹಿಡಿದಿದ್ದವನು ಅಳುತ್ತಿದ್ದ ಕಣ್ಣಲ್ಲೇ ನಕ್ಕ. "ಅಕ್ಕ, ಫ್ಲೆಕ್ಸ್ ಅಂಗ್ಡೀಲಿ ಅಮ್ಮಂದ್ರಿಗೆ ಅಂತ ಒಂದೇ ಮ್ಯಾಟ್ರು ಇರೋದು. ಹೆಸ್ರು, ಫೋಟೋ ಬದ್ಲಾಯಿಸ್ತಾರೆ ಅಷ್ಟೇ. ಇನ್ನೇನ್ ಹಾಕ್ಸಬೇಕಿತ್ತು, ಘಟವಾಣಿ ಅಭಿಮಾನಿ ಅಂತಾನಾ?"

"ಹೂಂ," ಅಂದೆ.

ತಮಾಷೆ ಮಾಡುತ್ತಿದ್ದೇನೆಂದುಕೊಂಡ. ಯಾರೋ ಪಾಯಸ ಕೇಳಿದರು, ಆ ಕಡೆ ಹೋದ.

ಫ್ಲೆಕ್ಸನ್ನು ಇನ್ನೂ ತೆಗೆದಿಲ್ಲ. ಬಿಸಿಲಿಗೆ ಬಣ್ಣ ಹೋಗಿ ಈಗ ಮುಖಕ್ಕಿಂತ ಹಿಂದಿನ ಹಿಮದ ಬೆಟ್ಟವೇ ಚೆನ್ನಾಗಿ ಕಾಣುತ್ತದಂತೆ. ಯಜಮಾನರು ಹೇಳಿದ್ದು. ನಾನು ಕುಣಿಗಲ್ ಮೇಲೆ ಹೋಗುವಾಗ ಬಸ್ಸಿನಲ್ಲಿ ಆ ಕಡೆಯ ಕಿಟಕಿಗೆ ಕೂರುವುದಿಲ್ಲ. ಕಣ್ಣು ಮುಚ್ಚಿ ಕೈಮುಗಿದು ನಿಂತಿರುವ ಆ ಹೆಂಗಸು ಯಾರೋ ನನಗೆ ಗೊತ್ತಿಲ್ಲ. ನಾನು ಕಳೆದುಕೊಂಡದ್ದು ಆಕೆಯನ್ನಲ್ಲ.